ಸ್ವಂತ ಕಸುಬಿಗೆ ಯಾವ ವಿದ್ಯೆ?

ಸಂಬಳದ ನೌಕರಿಯಲ್ಲಿರುವವರಿಗೆ ಒಂದು ಅನುಕೂಲವುಂಟು. ಮುಂದೆ ಏನನ್ನು ಕಲಿಯಬೇಕೆಂಬ ಚಿಂತೆಯನ್ನು ಅವರ ಪರವಾಗಿ ಬೇರೆಯವರು ಮಾಡುತ್ತಾರೆ. ಕಛೇರಿಗೆ ಹೊಸ ಯಂತ್ರ ಬಂದರೆ ಅದನ್ನು ನಡೆಸುವ ತರಬೇತಿಗೆ ಮೇಲಧಿಕಾರಿಗಳು ಕಳುಹಿಸುತ್ತಾರೆ. ಇಲಾಖಾ ಪರೀಕ್ಷೆ ಪಾಸು ಮಾಡದೆ ಬಡ್ತಿಯಿಲ್ಲವೆಂದು ನಿಯಮವೇ ಹೇಳುತ್ತದೆ. ಕಲಿಯುವ ದಿನಗಳಲ್ಲಿಯೂ ಸಂಬಳ ನಡೆದಿರುತ್ತದೆ. ಆದರೆ ಮನೆಯಲ್ಲಿಯೇ ಕುಳಿತು, ಇವತ್ತು ಒಬ್ಬರ ಕೆಲಸ, ನಾಳೆ ಇನ್ನೊಬ್ಬರ ಕೆಲಸ ಎಂದು ದುಡಿಯುವವರಿಗೆ, ಈಗ ಫ್ರೀಲಾನ್ಸ್ ಎಂದು ಕರೆಯುತ್ತಾರಲ್ಲ, ಅಂಥವರಿಗೆ ಈ ಅನುಕೂಲವಿಲ್ಲ. ಕಲಿಯುವುದಕ್ಕೆಂದು ಕಳೆದ ವಾರ ಅವರ ಪಾಲಿಗೆ ದುಡಿಮೆಯಿಲ್ಲದ ವಾರ. ಕಲಿತದ್ದು ಉಪಯೋಗಕ್ಕೆ ಬಾರದೆ ಹೋದರೆ ಆ ನಷ್ಟವೂ ಅವರದೇ.

ಇಂಥವರು ಈಗ ಪ್ರತಿಯೊಂದು ಊರಿನಲ್ಲಿಯೂ ಇದ್ದಾರೆ. ಪುಸ್ತಕಗಳ ಪುಟ ಕಟ್ಟುವವರು, ಮದುವೆಯ ಫೋಟೋ ತೆಗೆಯುವವರು, ಅಂಗಡಿಗಳ ಲೆಕ್ಕ ಬರೆದುಕೊಡುವವರು, ಕಟ್ಟಡದ ನಕ್ಷೆ ಬರೆಯುವವರು, ಕರಡಚ್ಚು ತಿದ್ದುವವರು, ಭಾಷಾಂತರ ಮಾಡುವವರು, ಹೀಗೆ ಹಲವರು. ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿಯೇ ಮಗನೋ ಸೊಸೆಯೋ ಅಂಥ ಕೆಲಸದಲ್ಲಿರಬಹುದು. ಅವರೆಲ್ಲರನ್ನೂ ವರ್ಷಕ್ಕೊಮ್ಮೆಯಾದರೂ ಕಾಡುವ ಪ್ರಶ್ನೆ ಒಂದೇ: "ಇನ್ನು ಏನು ಕಲಿಯಲಿ?" ಇದಕ್ಕೆ ಉತ್ತರ ಹೇಳುವುದಕ್ಕೆ ಸಿದ್ಧರಾಗಿರುವ ಜನಕ್ಕೂ ಕೊರತೆಯಿಲ್ಲ. ಇಂಥ ವಿದ್ಯೆ ಮೂರು ತಿಂಗಳಲ್ಲಿ, ಅಂಥ ವಿದ್ಯೆ ಆರು ವಾರದಲ್ಲಿ ಎಂಬ ಜಾಹೀರಾತುಗಳು ಮೊಬೈಲು ತೆರೆದರೆ ಸಾಕು, ಸಾಲುಗಟ್ಟಿ ಬರುತ್ತವೆ. ನಾನೂ ಒಮ್ಮೆ ಹೀಗೆ ದುಡ್ಡು ಕಟ್ಟಿ ಪುಸ್ತಕ ವಿನ್ಯಾಸ ಕಲಿತೆ. ಕಲಿತದ್ದೇನೋ ಸುಳ್ಳಲ್ಲ, ಆದರೆ ನನಗೆ ಕೆಲಸ ಕೊಡುತ್ತಿದ್ದವರಲ್ಲಿ ಒಬ್ಬರಿಗೂ ಪುಸ್ತಕ ವಿನ್ಯಾಸ ಬೇಕಾಗಿರಲಿಲ್ಲ. ವಿದ್ಯೆ ಒಳ್ಳೆಯದೇ ಆದರೂ ನನಗೆ ಅದು ಪಕ್ಕದೂರಿನ ಬಾವಿಯಾಯಿತು.

ಪ್ರಶ್ನೆಯನ್ನು ಎಲ್ಲ ಕಸುಬುಗಳಿಗೂ ಸೇರಿಸಿ ಕೇಳಿದರೆ ಉತ್ತರ ಗಾಳಿಯಲ್ಲಿ ನಿಲ್ಲುತ್ತದೆ. ಆದ್ದರಿಂದ ನನಗೆ ತಿಳಿದಿರುವ ಕಸುಬೊಂದನ್ನೇ, ಅಂದರೆ ಕನ್ನಡ ಮತ್ತು ಇಂಗ್ಲಿಷುಗಳ ನಡುವಣ ಭಾಷಾಂತರವನ್ನು, ಮುಂದಿಟ್ಟುಕೊಂಡು ನೋಡೋಣ. ಉಳಿದ ಕಸುಬಿನವರು ತಮಗೆ ಬೇಕಾದಂತೆ ಹೊಂದಿಸಿಕೊಳ್ಳಬಹುದು.

ಅದಕ್ಕೆ ಮೊದಲು ಬೆರಳಚ್ಚಿನ ಕಥೆಯನ್ನು ಸ್ವಲ್ಪ ನೆನೆಯಬೇಕು. ಗೋದ್ರೆಜ್ ಕಂಪನಿಯವರು ಟೈಪ್‌ರೈಟರುಗಳನ್ನು ತಯಾರಿಸಲು ಆರಂಭಿಸಿದ್ದು 1955ರಲ್ಲಿ; ನಿಲ್ಲಿಸಿದ್ದು 2009ರಲ್ಲಿ. ಆ ಅರ್ಧ ಶತಮಾನದಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಪಾಸು ಮಾಡಿ ಜೀವನ ಕಂಡುಕೊಂಡವರು ಅಸಂಖ್ಯರು. ಯಂತ್ರ ಹೋದಾಗ ಅವರ ಗತಿಯೇನಾಯಿತು? ಎಲ್ಲರದೂ ಒಂದೇ ಆಗಲಿಲ್ಲ. ಬೆರಳಿನ ಚುರುಕು ಮಾತ್ರ ಬಂಡವಾಳವಾಗಿದ್ದವರಿಗೆ ಕಷ್ಟವಾಯಿತು. ಏಕೆಂದರೆ ಕಂಪ್ಯೂಟರು ಬಂದ ಮೇಲೆ ಯಾರು ಬೇಕಾದರೂ ತಪ್ಪನ್ನು ಅಳಿಸಿ ತಿದ್ದಬಹುದು, ಮೊದಲ ಸಲವೇ ತಪ್ಪಿಲ್ಲದೆ ಹೊಡೆಯುವವನೇ ಆಗಬೇಕಾಗಿಲ್ಲ. ಆದರೆ ತಾಲ್ಲೂಕು ಕಛೇರಿಯ ಮುಂದೆ ಮರದ ನೆರಳಿನಲ್ಲಿ ಯಂತ್ರವಿಟ್ಟುಕೊಂಡು ಕುಳಿತಿದ್ದವನಿಗೆ ಬೆರಳಿನ ಜೊತೆಗೆ ಇನ್ನೊಂದು ತಿಳಿವಳಿಕೆಯೂ ಇತ್ತು: ಯಾವ ಅರ್ಜಿ ಯಾರ ಹೆಸರಿಗೆ ಹೋಗಬೇಕು, ಅದರ ಜೊತೆಗೆ ಏನೇನು ಲಗತ್ತಿಸಬೇಕು, ಯಾವ ಮಾತು ಬಿಟ್ಟುಹೋದರೆ ಅರ್ಜಿ ಹಿಂದಕ್ಕೆ ಬರುತ್ತದೆ ಎಂಬುದು. ಅವನು ಟೈಪ್‌ರೈಟರನ್ನು ಕೆಳಗಿಳಿಸಿ ಆ ಜಾಗದಲ್ಲಿ ಕಂಪ್ಯೂಟರನ್ನು ಇಟ್ಟುಕೊಂಡ, ಅಷ್ಟೆ. ಗಿರಾಕಿ ಅವನ ಹತ್ತಿರ ಬರುತ್ತಿದ್ದದ್ದು ಟೈಪಿಗಾಗಿ ಎಂದು ಕಾಣುತ್ತಿತ್ತೇ ಹೊರತು, ಆತನಿಗೆ ನಿಜವಾಗಿ ಬೇಕಾಗಿದ್ದದ್ದು ಹಿಂದಕ್ಕೆ ಬಾರದ ಅರ್ಜಿ.

ಈಗ ಭಾಷಾಂತರಕ್ಕೆ ಬರೋಣ. ಹಾಸನದಲ್ಲಿಯೋ ದಾವಣಗೆರೆಯಲ್ಲಿಯೋ ಒಬ್ಬ ಹೆಣ್ಣುಮಗಳನ್ನು ಊಹಿಸಿಕೊಳ್ಳಿ. ಎರಡೂ ಭಾಷೆ ಚೆನ್ನಾಗಿ ಬರುತ್ತದೆ. ನಾಲ್ಕು ವರ್ಷದಿಂದ ಮನೆಯಲ್ಲಿಯೇ ಭಾಷಾಂತರ ಮಾಡಿ ಸಂಸಾರಕ್ಕೆ ನೆರವಾಗುತ್ತಿದ್ದಾಳೆ. ಇತ್ತೀಚೆಗೆ ಕೆಲಸ ಕಡಿಮೆಯಾಗುತ್ತಿದೆ, ದರ ಇಳಿಯುತ್ತಿದೆ. ಕಾರಣ ಗುಟ್ಟೇನೂ ಅಲ್ಲ. ಗೂಗಲ್‌ನವರ ಭಾಷಾಂತರ ಯಂತ್ರಕ್ಕೆ ಕನ್ನಡ ಸೇರಿದ್ದು 2011ರಲ್ಲಿ. ಆಗ ಅದರ ಕನ್ನಡವನ್ನು ಓದಿ ನಾವೆಲ್ಲ ನಕ್ಕೆವು. 2017ರಲ್ಲಿ ಅದರ ಒಳಗಿನ ವಿಧಾನ ಬದಲಾಯಿತು. ಮಾತು ಮಾತುಗಳನ್ನು ಜೋಡಿಸುವುದನ್ನು ಬಿಟ್ಟು ಇಡೀ ವಾಕ್ಯವನ್ನು ಒಟ್ಟಿಗೆ ನೋಡತೊಡಗಿತು. ಆಮೇಲೆ ನಗು ಕಡಿಮೆಯಾಯಿತು. ಸರ್ವೋಚ್ಚ ನ್ಯಾಯಾಲಯವೇ 2019ರ ನವೆಂಬರಿನಲ್ಲಿ ಸುವಾಸ್ ಎಂಬ ಭಾಷಾಂತರ ಯಂತ್ರವನ್ನು ಬಳಕೆಗೆ ತಂದಿತು. ಅದರ ಮೊದಲ ಭಾಷೆಗಳಲ್ಲಿ ಕನ್ನಡವೂ ಒಂದು. ಹೀಗಿರುವಾಗ ಸೋಪಿನ ಪೊಟ್ಟಣದ ಮೇಲಿನ ನಾಲ್ಕು ಸಾಲುಗಳಿಗೆ ಮನುಷ್ಯನಿಗೇ ದುಡ್ಡು ಕೊಡುವವರು ಎಷ್ಟು ಮಂದಿ?

ಆಕೆಯ ಮುಂದೆ ದಾರಿಗಳು ಹಲವು. ಹಿಂದಿಯನ್ನೋ ಜರ್ಮನ್ ಭಾಷೆಯನ್ನೋ ಕಲಿಯಬಹುದು. ಚಲನಚಿತ್ರಗಳಿಗೆ ಅಡಿಬರಹ ಬರೆಯುವುದನ್ನು ಕಲಿಯಬಹುದು. ಪುಟ ಕಟ್ಟುವುದನ್ನು, ಧ್ವನಿ ಕೊಡುವುದನ್ನು ಕಲಿಯಬಹುದು. ಯಂತ್ರ ಮಾಡಿದ ಭಾಷಾಂತರವನ್ನು ತಿದ್ದುವುದನ್ನು ಕಲಿಯಬಹುದು. ಯಾವುದೂ ಕೆಟ್ಟ ವಿದ್ಯೆಯಲ್ಲ. ತೊಡಕೇನೆಂದರೆ ಎಲ್ಲವನ್ನೂ ಸ್ವಲ್ಪ ಸ್ವಲ್ಪ ಕಲಿಯುವಷ್ಟು ಆಯುಷ್ಯವಾಗಲಿ ಹಣವಾಗಲಿ ಯಾರಿಗೂ ಇಲ್ಲ.

ಜಾಹೀರಾತನ್ನು ನೋಡುವ ಮುಂಚೆ ಆಕೆ ತನ್ನ ಲೆಕ್ಕದ ಪುಸ್ತಕವನ್ನು ನೋಡಬೇಕು ಎಂದು ನನ್ನ ಅಭಿಪ್ರಾಯ. ಕಳೆದ ಎರಡು ವರ್ಷಗಳಲ್ಲಿ ಯಾರು ಯಾರು ಹಣ ಕೊಟ್ಟರು, ಯಾವ ಕೆಲಸಕ್ಕೆ ಎಷ್ಟು ದಿನ ಹಿಡಿಯಿತು, ಯಾರು ಎರಡನೆಯ ಸಲ ಹುಡುಕಿಕೊಂಡು ಬಂದರು, ಇವಿಷ್ಟನ್ನು ಒಂದು ಹಾಳೆಯ ಮೇಲೆ ಬರೆದುಕೊಂಡರೆ ಆಶ್ಚರ್ಯವಾಗುವ ಸಂಗತಿಗಳು ಹೊರಬೀಳುತ್ತವೆ. ಪುಟಗಟ್ಟಲೆ ಸುಲಭದ ಕೆಲಸ ಕೊಟ್ಟವರಿಂದ ಬಂದದ್ದು ಕಡಿಮೆ. ಒಬ್ಬ ವಕೀಲರು ಆಗಾಗ ಕಳುಹಿಸುತ್ತಿದ್ದ ಎರಡು ಮೂರು ಪುಟಗಳ ಹಳೆಯ ಪತ್ರಗಳಿಂದ, ಹೊತ್ತು ಹೆಚ್ಚು ಹಿಡಿದರೂ, ಬಂದದ್ದು ಹೆಚ್ಚು. ಇನ್ನೂ ಒಂದು ಕಲಂ ಬರೆದುಕೊಳ್ಳಬೇಕು: ಬಂದ ಕೆಲಸಗಳಲ್ಲಿ "ಇದು ನನ್ನಿಂದಾಗದು" ಎಂದು ತಾನು ಹಿಂದಕ್ಕೆ ಕಳುಹಿಸಿದವು ಯಾವುವು? ಕಲಿಯಬೇಕಾದ ವಿದ್ಯೆ ಬಹುಮಟ್ಟಿಗೆ ಅಲ್ಲಿಯೇ ಅಡಗಿರುತ್ತದೆ. ಗಿರಾಕಿ ಬಾಗಿಲಿಗೆ ಬಂದು ಬರಿಗೈಯಲ್ಲಿ ಹೋಗಿದ್ದಾನೆ. ಅವನನ್ನು ಹೊಸದಾಗಿ ಹುಡುಕಬೇಕಾಗಿಲ್ಲ.

ಆ ಹಳೆಯ ಪತ್ರಗಳ ವಿಷಯವನ್ನೇ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಜಮೀನಿನ ಕ್ರಯಪತ್ರ, ವಿಭಾಗಪತ್ರ, ಪಹಣಿ ಇವೆಲ್ಲ ನಮ್ಮಲ್ಲಿ ಕನ್ನಡದಲ್ಲಿವೆ. ವ್ಯಾಜ್ಯ ಉಚ್ಚ ನ್ಯಾಯಾಲಯಕ್ಕೋ ಸರ್ವೋಚ್ಚ ನ್ಯಾಯಾಲಯಕ್ಕೋ ಹೋದರೆ ಅಲ್ಲಿನ ವ್ಯವಹಾರ ಇಂಗ್ಲಿಷಿನಲ್ಲಿ. ಪತ್ರಗಳ ಭಾಷಾಂತರ ಬೇಕು. ಸಾಲ ಕೊಡುವ ಬ್ಯಾಂಕಿನ ದೊಡ್ಡ ಕಛೇರಿ ಬೇರೆ ರಾಜ್ಯದಲ್ಲಿದ್ದರೆ ಬೇಕು. ಪರದೇಶದಲ್ಲಿರುವ ಮಗ ಪಾಲಿನ ಪತ್ರಕ್ಕೆ ಸಹಿ ಹಾಕುವ ಮುಂಚೆ ಅದರಲ್ಲೇನಿದೆಯೆಂದು ಅಲ್ಲಿನ ತನ್ನ ವಕೀಲನಿಗೆ ತೋರಿಸಬೇಕಾದರೆ ಬೇಕು. ಈ ಭಾಷಾಂತರಕ್ಕೆ ಎರಡು ಭಾಷೆ ಬಂದರೆ ಸಾಲದು. ಖರಾಬು ಎಂಬ ಮಾತನ್ನು ನಿಘಂಟು ನೋಡಿ 'ಕೆಟ್ಟದ್ದು' ಎಂದು ಬರೆದರೆ ಏನೂ ಹೇಳಿದಂತಾಗಲಿಲ್ಲ. ಅ ಖರಾಬು ಎಂದರೆ ಸಾಗುವಳಿಗೆ ಬಾರದ ನೆಲ. ಬ ಖರಾಬು ಎಂದರೆ ದಾರಿ, ಹಳ್ಳ ಮೊದಲಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ನೆಲ. ಒಂದಕ್ಕೂ ಇನ್ನೊಂದಕ್ಕೂ ಕೊಳ್ಳುವವನ ಪಾಲಿಗೆ ಬಹಳ ಅಂತರವಿದೆ. ಹಳೆಯ ಪತ್ರದ ಭೋಗ್ಯ ಎಂಬುದು ಸ್ವಾಧೀನ ಕೊಟ್ಟು ಮಾಡಿದ ಅಡಮಾನ. ಅನುಭವಿಸತಕ್ಕದ್ದು ಎಂಬ ಪದಾರ್ಥ ಅಲ್ಲಿ ಉಪಯೋಗಕ್ಕೆ ಬಾರದು. ಇಂಗ್ಲಿಷಿನಿಂದ ಕನ್ನಡಕ್ಕೆ ಬರುವಾಗಲೂ ಹೀಗೆಯೇ. ಕರಾರಿನಲ್ಲಿ ಬರುವ ಕನ್ಸಿಡರೇಷನ್ ಎಂಬುದು ಪರಿಗಣನೆಯಲ್ಲ, ಪ್ರತಿಫಲ. ಇನ್‌ಸ್ಟ್ರುಮೆಂಟ್ ಉಪಕರಣವಲ್ಲ, ದಸ್ತಾವೇಜು. ಮೈನರ್ ಎಂದರೆ ಚಿಕ್ಕದು ಎಂದಲ್ಲ, ವಯಸ್ಸಿಗೆ ಬಾರದವನು.

ಮಾತುಗಳಿಗಿಂತ ಅಂಕಿಗಳು ಇನ್ನೂ ಅಪಾಯಕಾರಿ. ನಾನು ಈ ಕೆಲಸಕ್ಕೆ ಕೈಹಾಕಿದ ಮೊದಲ ವರ್ಷ ಒಂದು ಪಹಣಿಯನ್ನು ಇಂಗ್ಲಿಷಿಗೆ ತಂದೆ. ವಿಸ್ತೀರ್ಣದ ಕಲಮಿನಲ್ಲಿ 2.20 ಎಂದಿತ್ತು. ನಾನೂ ಹಾಗೆಯೇ, ಎರಡು ಬಿಂದು ಎರಡು ಸೊನ್ನೆ ಎಕರೆ ಎಂದು ಬರೆದೆ. ಪುಣ್ಯಕ್ಕೆ ಅದನ್ನು ನೋಡಿದ ಹಿರಿಯ ವಕೀಲರು ಫೋನು ಮಾಡಿ, "ಏನಪ್ಪಾ, ನನ್ನ ಕಕ್ಷಿಗಾರನ ಹನ್ನೆರಡು ಗುಂಟೆಯನ್ನು ಎಲ್ಲಿ ಬಚ್ಚಿಟ್ಟೆ?" ಎಂದರು. ನಮ್ಮ ಪಹಣಿಯಲ್ಲಿ ಆ ಅಂಕಿ ದಶಮಾಂಶವಲ್ಲ. ಮೊದಲನೆಯದು ಎಕರೆ, ಬಿಂದುವಿನ ಆಚೆಯದು ಗುಂಟೆ, ಅದರ ಆಚೆಯೂ ಒಂದಿದ್ದರೆ ಅದು ಆಣೆ. ಎಕರೆಗೆ 40 ಗುಂಟೆ, ಗುಂಟೆಗೆ 16 ಆಣೆ. 2.20 ಎಂದರೆ ಎರಡು ಎಕರೆ ಇಪ್ಪತ್ತು ಗುಂಟೆ, ಅಂದರೆ ಎರಡೂವರೆ ಎಕರೆ. ನಾನು ಬರೆದದ್ದು ಎರಡು ಎಕರೆ ಎಂಟು ಗುಂಟೆಯಾಯಿತು. ಒಂದು ಗುಂಟೆಗೆ 1,089 ಚದರಡಿ. ಹನ್ನೆರಡು ಗುಂಟೆಯೆಂದರೆ ಹದಿಮೂರು ಸಾವಿರ ಚದರಡಿಗೂ ಮಿಕ್ಕಿದ ನೆಲ. ಇಷ್ಟು ನೆಲವನ್ನು ಒಂದು ಚುಕ್ಕೆಯಲ್ಲಿ ಕಳೆದಿದ್ದೆ. ವಿಚಿತ್ರವೆಂದರೆ, ಎಕರೆ–ಸೆಂಟ್ಸ್ ಲೆಕ್ಕದ ರೂಢಿಯಿರುವ ದಕ್ಷಿಣ ಕನ್ನಡದ ಪತ್ರದಲ್ಲಿ ಎರಡು ಎಕರೆ ಇಪ್ಪತ್ತು ಸೆಂಟ್ಸ್ ಎಂದಿದ್ದರೆ ನಾನು ಬರೆದದ್ದೇ ಸರಿಯಾಗುತ್ತಿತ್ತು. ಸೆಂಟ್ ಎಂದರೆ ಎಕರೆಯ ನೂರರಲ್ಲೊಂದು ಪಾಲು. ಅಂಕಿ ಅದೇ, ಜಿಲ್ಲೆ ಬೇರೆ.

ಯಂತ್ರ ಅಂಕಿಯನ್ನು ಇದ್ದಂತೆಯೇ ಎತ್ತಿಡುತ್ತದೆ. ನೋಡುವುದಕ್ಕೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ತಪ್ಪು ಕಾಣಬೇಕಾದರೆ ಪಹಣಿ ಗೊತ್ತಿರುವ ಕಣ್ಣು ಬೇಕು. ಅದೂ ಅಲ್ಲದೆ, ಭಾಷಾಂತರದ ಕೆಳಗೆ "ಇದು ಮೂಲಕ್ಕೆ ಸರಿಯಾಗಿದೆ" ಎಂದು ಹೆಸರು ಬರೆದು ಸಹಿ ಹಾಕಬೇಕಾದ ಸಂದರ್ಭಗಳುಂಟು. ಯಂತ್ರ ಸಹಿ ಹಾಕುವುದಿಲ್ಲ. ನಾಳೆ ಯಾರಾದರೂ ಕೇಳಿದರೆ ಉತ್ತರ ಹೇಳುವುದಕ್ಕೂ ಬರುವುದಿಲ್ಲ. ಗಿರಾಕಿ ಹಣ ಕೊಡುವುದು ಭಾಷಾಂತರಕ್ಕಿಂತ ಹೆಚ್ಚಾಗಿ ಈ ಹೊಣೆಗೆ. ಆದಕಾರಣ ವಿದ್ಯೆಯನ್ನು ಆರಿಸುವಾಗ ಹೀಗೆ ಕೇಳಿಕೊಳ್ಳುವುದು ಮೇಲು: ನಾನು ಈಗ ಬಲ್ಲ ಕೆಲಸದ ಪಕ್ಕದಲ್ಲಿಯೇ ಇರುವ, ತಪ್ಪಿದರೆ ಯಾರಿಗಾದರೂ ನಿಜವಾದ ನಷ್ಟವಾಗುವ ಕೆಲಸ ಯಾವುದು? ಅಗ್ಗವಾದದ್ದೇ ಸಾಕು ಎನ್ನುವ ಜನ ಅಲ್ಲಿ ಕಡಿಮೆಯಿರುತ್ತಾರೆ.

ಈ ಪಕ್ಕದ ವಿದ್ಯೆ ಊರಿನಿಂದ ಊರಿಗೆ ಬೇರೆಯಾಗುತ್ತದೆ. 1956ರ ನವೆಂಬರ್ 1ಕ್ಕೆ ಮೊದಲು ನಮ್ಮ ನಾಡು ಹಲವು ಆಡಳಿತಗಳಲ್ಲಿ ಹರಿದು ಹಂಚಿಹೋಗಿತ್ತಷ್ಟೆ. ಅದರ ಗುರುತು ಹಳೆಯ ಕಾಗದಗಳಲ್ಲಿ ಇನ್ನೂ ಅಳಿದಿಲ್ಲ. ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ ಕಡೆಯ ಹಳೆಯ ದಾಖಲೆಗಳಲ್ಲಿ ಮರಾಠಿಯುಂಟು, ಮೋಡಿ ಲಿಪಿಯುಂಟು. ನಿಜಾಮರ ಆಡಳಿತದಲ್ಲಿದ್ದ ಕಲಬುರಗಿ, ಬೀದರ್, ರಾಯಚೂರುಗಳಲ್ಲಿ ಉರ್ದು, ಮತ್ತು ಫಸಲಿ ವರ್ಷದ ಲೆಕ್ಕ. ಫಸಲಿಗೆ 590 ಕೂಡಿಸಿದರೆ ಹೆಚ್ಚುಕಡಿಮೆ ಕ್ರಿಸ್ತ ಶಕ ಸಿಗುತ್ತದೆ. ಮದರಾಸಿಗೆ ಸೇರಿದ್ದ ಕರಾವಳಿಯಲ್ಲಿ ಮೂಲಗೇಣಿ, ಚಾಲಗೇಣಿಗಳೆಂಬ ಗೇಣಿಯ ಭೇದಗಳು. ಮೊದಲನೆಯದು ಶಾಶ್ವತ ಹಕ್ಕು, ಎರಡನೆಯದು ಒಡೆಯ ಬಿಡಿಸಬಹುದಾದದ್ದು. ಕಲಬುರಗಿಯ ಭಾಷಾಂತರಕಾರನಿಗೆ ಜರ್ಮನ್ ಭಾಷೆ ಕಲಿಯುವುದು ಲಾಭವೋ, ಉರ್ದು ಓದಲು ಕಲಿಯುವುದು ಲಾಭವೋ? ಜರ್ಮನ್ ಕಲಿತವನು ದೇಶದ ಎಲ್ಲ ಜರ್ಮನ್ ಪಂಡಿತರ ಜೊತೆ ಸ್ಪರ್ಧಿಸಬೇಕು. ಉರ್ದು, ಕನ್ನಡ, ಇಂಗ್ಲಿಷು ಮೂರನ್ನೂ ಬಲ್ಲ, ಹಳೆಯ ಕಂದಾಯದ ಕಾಗದ ಓದಬಲ್ಲ ಮನುಷ್ಯನಿಗೆ ಅವನ ಜಿಲ್ಲೆಯಲ್ಲಿ ಸ್ಪರ್ಧಿಗಳು ಎಷ್ಟು ಮಂದಿ ಇದ್ದಾರು?

ಕಾನೂನು ಬೇಡ, ಅದು ಒಣ ವಿಷಯ ಎನ್ನುವವರಿಗೆ ವೈದ್ಯಕೀಯವುಂಟು. ಹೊಸ ಔಷಧವನ್ನು ಮನುಷ್ಯರ ಮೇಲೆ ಪರೀಕ್ಷಿಸುವುದಕ್ಕೆ ಮುಂಚೆ ಆ ವ್ಯಕ್ತಿಯ ಒಪ್ಪಿಗೆ ಪಡೆಯಬೇಕು. ಒಪ್ಪಿಗೆಯ ಪತ್ರ ಆತನಿಗೆ ಅರ್ಥವಾಗುವ ಭಾಷೆಯಲ್ಲಿ, ಪಾರಿಭಾಷಿಕ ಮಾತುಗಳಿಲ್ಲದೆ ಇರಬೇಕೆಂದು 2019ರ ಹೊಸ ಔಷಧಗಳು ಮತ್ತು ಚಿಕಿತ್ಸಾ ಪ್ರಯೋಗಗಳ ನಿಯಮಗಳು ಹೇಳುತ್ತವೆ. ಅಲ್ಲಿ ಆರ್ಮ್ ಎಂಬ ಇಂಗ್ಲಿಷು ಮಾತು ಬರುತ್ತದೆ. ಪ್ರಯೋಗಕ್ಕೆ ಒಳಗಾದವರನ್ನು ಎರಡು ಗುಂಪು ಮಾಡಿದಾಗ ಒಂದೊಂದು ಗುಂಪಿಗೂ ಆ ಹೆಸರು. ಅದನ್ನು 'ತೋಳು' ಎಂದು ಬರೆದರೆ, ಇಂಜೆಕ್ಷನ್ನು ಯಾವ ತೋಳಿಗೆ ಎಂದು ರೋಗಿ ಯೋಚಿಸುತ್ತಾನೆಯೇ ಹೊರತು, ತನಗೆ ನಿಜವಾದ ಔಷಧ ಸಿಗದೆಯೂ ಹೋಗಬಹುದು ಎಂಬ ಮುಖ್ಯ ಸಂಗತಿ ಅವನಿಗೆ ತಿಳಿಯುವುದೇ ಇಲ್ಲ. ಅವನು ಹಾಕುವ ಹೆಬ್ಬೆಟ್ಟಿಗೆ ಆಮೇಲೆ ಅರ್ಥವೇನು? ಡಿಸ್ಚಾರ್ಜ್ ಎಂಬುದು ಒಂದು ಸಾಲಿನಲ್ಲಿ ಆಸ್ಪತ್ರೆಯಿಂದ ಬಿಡುಗಡೆ, ಮುಂದಿನ ಸಾಲಿನಲ್ಲಿ ಗಾಯದಿಂದ ಬರುವ ಸ್ರಾವ. ಇನ್ನು ನೆಗೆಟಿವ್ ಎಂಬುದನ್ನು ಕೇಳಿದ ಕೂಡಲೇ ಏನೋ ಕೆಟ್ಟದಾಯಿತೆಂದು ಹೆದರುವ ಅಜ್ಜಿಯಂದಿರು ನಮ್ಮ ನಿಮ್ಮ ಮನೆಗಳಲ್ಲಿಯೇ ಇದ್ದಾರೆ. "ರೋಗದ ಗುರುತು ಕಾಣಲಿಲ್ಲ" ಎಂದು ಬರೆದರೆ ಆಕೆ ನೆಮ್ಮದಿಯಾಗಿ ಮಲಗುತ್ತಾಳೆ. ಇಂಥ ಪತ್ರಗಳನ್ನು ಕನ್ನಡಕ್ಕೆ ತಂದ ಮೇಲೆ, ಮೂಲವನ್ನು ನೋಡದ ಇನ್ನೊಬ್ಬರಿಂದ ಮತ್ತೆ ಇಂಗ್ಲಿಷಿಗೆ ಮಾಡಿಸಿ ಎರಡನ್ನೂ ಹೋಲಿಸುವ ಪದ್ಧತಿಯುಂಟು. ಆ ಎರಡನೆಯ ಭಾಷಾಂತರವೂ ಒಂದು ಕೆಲಸವೇ. ಹೊಸದಾಗಿ ಈ ದಾರಿಗೆ ಬರುವವರಿಗೆ ಅದು ಒಳ್ಳೆಯ ಮೊದಲ ಮೆಟ್ಟಿಲು.

ಆರಿಸಿದ ವಿದ್ಯೆಗೆ ಪೂರ್ತಿ ತಲೆಗೊಡುವ ಮುಂಚೆ ಅದನ್ನು ಸ್ವಲ್ಪ ರುಚಿ ನೋಡಬೇಕು. ಕೋರ್ಸಿಗೆ ಹಣ ಕಟ್ಟುವುದು ಕೊನೆಯ ಹೆಜ್ಜೆಯಾಗಲಿ. ನಾಲ್ಕು ಭಾನುವಾರ ಸಾಕು. ಹೆಸರು ಅಳಿಸಿದ ಒಂದು ಹಳೆಯ ಪತ್ರವನ್ನು ಪರಿಚಯದ ವಕೀಲರಿಂದ ಕೇಳಿ ಪಡೆದು ಭಾಷಾಂತರ ಮಾಡಿ, ಅವರಿಗೇ ತೋರಿಸಿ ಕೆಂಪು ಮಸಿಯಲ್ಲಿ ತಿದ್ದಿಸಿಕೊಳ್ಳಿ. ಕೆಂಪು ಎಷ್ಟೇ ಆಗಲಿ, ಎರಡನೆಯ ಪತ್ರ ಮಾಡುವುದಕ್ಕೆ ಮನಸ್ಸು ಬರುತ್ತದೆಯೇ ನೋಡಿ. ಮನಸ್ಸು ಬಂದರೆ ವಿದ್ಯೆ ನಿಮ್ಮದು. ಬಾರದಿದ್ದರೆ ನಾಲ್ಕು ಭಾನುವಾರ ಹೋಯಿತು, ಅಷ್ಟೆ. ಇಪ್ಪತ್ತು ಸಾವಿರ ರೂಪಾಯಿ ಹೋಗಲಿಲ್ಲ. ಇಲ್ಲಿ ಇಷ್ಟಪಡುವ ಮಾತನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಸ್ವಂತ ಕಸುಬಿನವನ ಹಿಂದೆ ನಿಂತು ನೋಡುವ ಮೇಲಧಿಕಾರಿ ಇಲ್ಲ. ವಿಷಯ ಬೇಸರವಾದರೆ ಮೂರನೆಯ ಪುಟದಲ್ಲಿಯೇ ಕಣ್ಣು ಜಾರುತ್ತದೆ, ತಪ್ಪುಗಳು ಜಾರಿದ ಕಣ್ಣಿಗಾಗಿಯೇ ಕಾದಿರುತ್ತವೆ.

ಉಪಕರಣಗಳ ವಿದ್ಯೆಯ ಬಗ್ಗೆ ಎರಡು ಮಾತು ಸಾಕು. ಕನ್ನಡವನ್ನು ಯೂನಿಕೋಡಿನಲ್ಲಿ ಸರಾಗವಾಗಿ ಹೊಡೆಯುವುದು ಬರಲೇಬೇಕು. ಅದರ ಮೊದಲ ಆವೃತ್ತಿಯಲ್ಲಿಯೇ, 1991ರಲ್ಲಿ, ಕನ್ನಡ ಸೇರಿತ್ತು. ಆದರೂ ಹಲವು ಮುದ್ರಣಾಲಯಗಳವರು ಹಳೆಯ ಅಕ್ಷರವಿನ್ಯಾಸಗಳನ್ನು ಇನ್ನೂ ಬಿಟ್ಟಿಲ್ಲ. ಒಂದರಿಂದ ಇನ್ನೊಂದಕ್ಕೆ ಪರಿವರ್ತಿಸಿದಾಗ ಅರ್ಕಾವೊತ್ತು ಇರುವ 'ಸೂರ್ಯ', 'ಕಾರ್ಯ'ದಂಥ ಮಾತುಗಳನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು. ಇದನ್ನು ಒಂದು ವಾರದಲ್ಲಿ ಕಲಿಯಬಹುದು. ಕಲಿತು ಮುಂದಕ್ಕೆ ಹೋಗಬೇಕು. ಪುಟ ಕಟ್ಟುವುದನ್ನು ಪುಟ ಕಟ್ಟುವವರಿಗೇ ಬಿಡುವುದು ಒಳ್ಳೆಯದು. ನನ್ನ ಕೈಯಲ್ಲಿ ಅರ್ಧ ದಿನ ಹಿಡಿಯುವ ಪುಟವನ್ನು ನಮ್ಮ ಬೀದಿಯ ಹುಡುಗ ಇಪ್ಪತ್ತು ನಿಮಿಷದಲ್ಲಿ ಕಟ್ಟುತ್ತಾನೆ, ನಾನು ಅವನಿಗೆ ಕೊಡುವ ಹಣಕ್ಕಿಂತ ಹೆಚ್ಚನ್ನು ಆ ಅರ್ಧ ದಿನದಲ್ಲಿ ಸಂಪಾದಿಸುತ್ತೇನೆ. ಏನನ್ನು ಕಲಿಯಬಾರದು ಎಂದು ತೀರ್ಮಾನಿಸುವುದೂ ಆಯ್ಕೆಯ ಒಂದು ಭಾಗವೇ.

ಇನ್ನು ಯಾವ ಕೋರ್ಸಿನವರೂ ಜಾಹೀರಾತು ಕೊಡದ ಒಂದು ವಿದ್ಯೆಯಿದೆ: ದರ ಹೇಳುವುದು. ಭಾಷಾಂತರಕ್ಕೆ ಮಾತಿನ ಲೆಕ್ಕದಲ್ಲಿ ಹಣ ಕೊಡುವ ಪದ್ಧತಿಯುಂಟು. ಯಾವ ಭಾಷೆಯ ಮಾತು? ಇಂಗ್ಲಿಷಿನಲ್ಲಿ 'ಇನ್ ದಿ ಹೌಸ್' ಎಂಬುದು ಮೂರು ಮಾತು. ನಮ್ಮ 'ಮನೆಯಲ್ಲಿ' ಒಂದೇ ಮಾತು. 'ಹಳ್ಳಿಯಿಂದ ಬಂದಿದ್ದವರಿಗೆ' ಎಂಬ ಎರಡು ಕನ್ನಡ ಮಾತುಗಳಿಗೆ ಇಂಗ್ಲಿಷಿನಲ್ಲಿ ಎಂಟು ಮಾತು ಬೇಕಾಗುತ್ತದೆ. ವಿಭಕ್ತಿಗಳೂ ಕಾಲಸೂಚಕಗಳೂ ನಮ್ಮಲ್ಲಿ ಮಾತಿನ ಬಾಲಕ್ಕೆ ಅಂಟಿಕೊಳ್ಳುತ್ತವೆ, ಅವರಲ್ಲಿ ಬಿಡಿಬಿಡಿಯಾಗಿ ನಿಲ್ಲುತ್ತವೆ. ಹೀಗಿರುವಾಗ ಕನ್ನಡದ ಮಾತನ್ನು ಎಣಿಸಿ ಹಣ ಕೊಡುತ್ತೇವೆ ಎಂದವರಿಗೆ, ಇಂಗ್ಲಿಷಿನ ಮಾತಿಗೆ ಹೇಳುವ ದರವನ್ನೇ ಹೇಳಿ ಒಪ್ಪಿಕೊಂಡರೆ, ಕೆಲಸದ ಒಂದು ದೊಡ್ಡ ಪಾಲನ್ನು ಬಿಟ್ಟಿ ಮಾಡಿದಂತಾಯಿತು. ಹಳೆಯ ಪತ್ರಗಳಿಗಂತೂ ಮಾತಿನ ಲೆಕ್ಕವೇ ಬೇಡ. ಪುಟಕ್ಕೆ ಇಷ್ಟು, ಅಕ್ಷರ ಮಾಸಿದ್ದರೆ ಇಷ್ಟು ಎಂದು ಮೊದಲೇ ಬರೆದುಕೊಡಬೇಕು. ಹಣ ಕೊಡುವ ಸಂಸ್ಥೆಯವರು ಆದಾಯ ತೆರಿಗೆಯನ್ನು ಮೂಲದಲ್ಲಿಯೇ ಹಿಡಿದುಕೊಳ್ಳುವುದುಂಟು. ವರ್ಷದ ಲೆಕ್ಕ ಸಲ್ಲಿಸಿದರೆ ಹೆಚ್ಚಾಗಿ ಹಿಡಿದದ್ದು ವಾಪಸು ಬರುತ್ತದೆ. ನನಗೆ ಗೊತ್ತಿರುವ ಹಲವರು ಇದನ್ನು ಕೇಳದೆ ಸುಮ್ಮನೆ ಬಿಟ್ಟಿದ್ದಾರೆ. ಒಂದು ಹೊಸ ಭಾಷೆ ಕಲಿಯುವುದಕ್ಕೆ ಮೂರು ವರ್ಷ ಬೇಕು, ದರ ಹೇಳುವುದನ್ನೂ ಲೆಕ್ಕ ಇಡುವುದನ್ನೂ ಕಲಿಯುವುದಕ್ಕೆ ಒಂದು ತಿಂಗಳು. ಮೊದಲ ವರ್ಷದ ವರಮಾನದಲ್ಲಿ ಯಾವುದು ಹೆಚ್ಚು ಕಾಣುತ್ತದೆಂದು ಹೇಳಬೇಕಾಗಿಲ್ಲ.

ಆದರೆ ಒಂದೇ ಕಿರುದಾರಿಗೆ ಹೋಗಿ ಸೇರಿಕೊಂಡರೆ, ನಾಳೆ ಆ ದಾರಿಯೇ ಮುಚ್ಚಿದರೆ? ಈ ಭಯ ನ್ಯಾಯವಾದದ್ದೇ. ಕರ್ನಾಟಕದಲ್ಲಿ ನೋಂದಣಿಗೆ 2023ರಲ್ಲಿ ಕಾವೇರಿ 2.0 ಎಂಬ ಹೊಸ ವ್ಯವಸ್ಥೆ ಬಂದು, ಪತ್ರದ ವಿವರಗಳನ್ನು ಜನರೇ ಮನೆಯಿಂದ ಸಲ್ಲಿಸುವ ಅನುಕೂಲವಾದಾಗ ಪತ್ರಬರಹಗಾರರಿಗೆ ಆದ ಆತಂಕ ಸಣ್ಣದಲ್ಲ. ಆದುದರಿಂದ ನಾನು ಒಂದೇ ವಿದ್ಯೆಯನ್ನು ಹಿಡಿದು ಕುಳಿತುಕೊಳ್ಳಿ ಎನ್ನುವವನಲ್ಲ. ಪಕ್ಕದ ವಿದ್ಯೆ ಕೈಗೆ ಹತ್ತಿ, ಅದರಿಂದ ಮನೆಯ ಖರ್ಚಿನ ಅರ್ಧವಾದರೂ ಬರತೊಡಗಿದ ಮೇಲೆ, ಅದರ ಪಕ್ಕದ ಇನ್ನೊಂದನ್ನು ನೋಡಬಹುದು. ಜಮೀನಿನ ಪತ್ರ ಬಲ್ಲವರಿಗೆ ಉಯಿಲು, ಉಯಿಲಿನಿಂದ ವಂಶವೃಕ್ಷ, ಅಲ್ಲಿಂದ ಪರದೇಶದ ವೀಸಾಕ್ಕೆ ಬೇಕಾಗುವ ಜನನ, ವಿವಾಹ ಪತ್ರಗಳು. ಹೀಗೆ ಒಂದರ ಗೋಡೆಗೆ ಇನ್ನೊಂದು ತಗುಲಿಕೊಂಡಿರುತ್ತದೆ.

ಹಳೆಯ ಪತ್ರಗಳನ್ನು ಓದುವುದಕ್ಕೆ ಮನಸ್ಸುಳ್ಳವರು ಎಲ್ಲಿಂದ ಆರಂಭಿಸಬೇಕೆಂದು ಕೇಳಬಹುದು. ನಿಮ್ಮ ಮನೆಯ ಟ್ರಂಕಿನಲ್ಲಿಯೇ ಅಜ್ಜನ ಕಾಲದ ಕ್ರಯಪತ್ರವೊಂದು ಇರಬಹುದು, ಅದನ್ನೇ ಹೊರಗೆ ತೆಗೆಯಿರಿ. ಮೊದಲು ಬರೆಸಿಕೊಂಡವರ, ಬರೆದುಕೊಟ್ಟವರ ಹೆಸರುಗಳನ್ನು ಗುರುತಿಸಿ. ಕೊನೆಯಲ್ಲಿ ಚೆಕ್ಕುಬಂದಿ ಇರುತ್ತದೆ, ಅಂದರೆ ಪೂರ್ವಕ್ಕೆ ಯಾರ ಜಮೀನು, ಪಶ್ಚಿಮಕ್ಕೆ ಯಾವ ಓಣಿ ಎಂಬ ನಾಲ್ಕು ಎಲ್ಲೆ. ಅದನ್ನು ಓದಿ, ಒಂದು ಚೌಕ ಬರೆದು ತುಂಬಿಸಿ. ಬೆಲೆಯನ್ನು 350-8-0 ಎಂದು ಬರೆದಿದ್ದರೆ ಮುನ್ನೂರೈವತ್ತು ರೂಪಾಯಿ ಎಂಟಾಣೆ; 1957ರ ಏಪ್ರಿಲಿನಲ್ಲಿ ದಶಮಾಂಶ ನಾಣ್ಯ ಬರುವವರೆಗೆ ರೂಪಾಯಿಗೆ ಹದಿನಾರಾಣೆಯಾದ್ದರಿಂದ ಅದು ಈಗಿನ 350 ರೂಪಾಯಿ 50 ಪೈಸೆ. ತಾರೀಖಿನ ಜೊತೆಗೆ ಸಂವತ್ಸರದ ಹೆಸರಿದ್ದರೆ ಎಚ್ಚರ. ಅದು ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಪ್ರಭವ ಸಂವತ್ಸರ 1927ರ ಯುಗಾದಿಯಿಂದಲೂ ಆಗಬಹುದು, 1987ರ ಯುಗಾದಿಯಿಂದಲೂ ಆಗಬಹುದು. ಯಾವುದೆಂದು ತೀರ್ಮಾನಿಸುವುದಕ್ಕೆ ಛಾಪಾ ಕಾಗದದ ಮೇಲಿನ ಮುದ್ರೆಯನ್ನು ನೋಡಿ. ರಾಜನ ತಲೆಯೋ ಅಶೋಕನ ಸಿಂಹವೋ ಎಂಬುದು ಸಾಮಾನ್ಯವಾಗಿ ಅಲ್ಲಿ ಕಾಣುತ್ತದೆ.